ಅತ್ತೆಯ ಇಂಗ್ಲಿಷಿಗೆ ನೀವು ಹಾಕಿದ ನಕ್ಷತ್ರ

ಕಾವೂರು, ಮಂಗಳೂರು
9 ಜುಲೈ 2025

ಪ್ರೀತಿಯ ತುಷಾರ್ ಅವರಿಗೆ,

ಆರೋಗ್ಯವಾಗಿದ್ದೀರಿ ತಾನೆ? ಎಂಜಿನ್ ರೂಮಿನ ಸೆಕೆಗೆ ಬೆನ್ನಿನಲ್ಲಿ ಎದ್ದಿದ್ದ ಬೆವರುಗುಳ್ಳೆ ಕಡಿಮೆಯಾಯಿತೇ? ಮಗಳ ಜ್ವರ ಬಿಟ್ಟಿದೆ, ಶಾಲೆಗೆ ಹೋಗುತ್ತಿದ್ದಾಳೆ. ನಿಮ್ಮ ಜೊತೆ ಕೆಲಸ ಮಾಡುವ ದೀಪೇಶ್ ನಾಡಿದ್ದು ಕೊಚ್ಚಿಯಲ್ಲಿ ನಿಮ್ಮ ಹಡಗು ಹತ್ತುತ್ತಾರೆಂದು ತಿಳಿದು ಅವರ ಕೈಯಲ್ಲಿ ಉಪ್ಪಿನಕಾಯಿಯನ್ನೂ ಈ ಪತ್ರವನ್ನೂ ಕಳಿಸುತ್ತಿದ್ದೇನೆ. ಉಪ್ಪಿನಕಾಯಿ ಅತ್ತೆಯದು, ಸಿಟ್ಟು ನನ್ನದು. ಮೊಬೈಲಿನಲ್ಲಿ ಬರೆದರೆ ಒಂದು ನಗುಮುಖ ಹಾಕಿ ಮುಗಿಸಿಬಿಡುತ್ತೀರಿ, ಅದಕ್ಕೇ ಕಾಗದ.

ನಿಮಗೆ ಹೇಗೆ ಮನಸ್ಸು ಬಂತು ಮಾರಾಯ್ರೇ? ಮುಂಬೈಯಲ್ಲಿ ನಿಮ್ಮ ಜಯಪಾಲ ಮಾವ ತೀರಿಕೊಂಡರು. ಮೊಣಕಾಲು ನೋವಿನಿಂದ ಸ್ವಂತ ಅಣ್ಣನ ಮುಖ ನೋಡಲು ಹೋಗಲಾಗದೆ ಅತ್ತೆ ಇಲ್ಲೇ ಕೂತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಕುಟುಂಬದ ಗ್ರೂಪಿನಲ್ಲಿ ಬರೆದರು. ಮಾವನ ಮಕ್ಕಳಿಗೆ ಕನ್ನಡ ಓದಲು ಬಾರದೆಂದು ಇಂಗ್ಲಿಷಿನಲ್ಲೇ ಬರೆದರು. ಅಣ್ಣ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೋಳಾರದ ಹೊಳೆ ತೋರಿಸುತ್ತಿದ್ದುದನ್ನು, ತನ್ನ ಮದುವೆಯ ದಿನ ಅಡುಗೆಮನೆಯ ಹಿಂದೆ ನಿಂತು ಅತ್ತುದನ್ನು, ಒಂದೊಂದೇ ಅಕ್ಷರ ಹುಡುಕಿ ಒತ್ತಿ ಬರೆದರು. ನೀವು ಎಂತ ಮಾಡಿದಿರಿ? ಒಂದು ಸಮಾಧಾನದ ಮಾತಿಲ್ಲ. ಅವರ ಸ್ಪೆಲ್ಲಿಂಗ್ ತಪ್ಪಿದಲ್ಲೆಲ್ಲ, ಕೆಳಗೆ ನಕ್ಷತ್ರದ ಗುರುತು ಹಾಕಿ, ಸರಿಯಾದ ಶಬ್ದ. ಮತ್ತೆ ನಕ್ಷತ್ರ, ಮತ್ತೊಂದು ಶಬ್ದ. ಅದರ ಕೆಳಗೆ ನಿಮ್ಮ ಕೌಶಲ್ ಭಾವ ನಗುವ ಮುಖ ಹಾಕಿದರು. ಅವರ ಅಪ್ಪ ಸತ್ತ ಸುದ್ದಿಯ ಕೆಳಗೆ!

ನಿಮ್ಮ ಹಡಗಿನಲ್ಲಿ ಒಂದು ಶಬ್ದ ತಪ್ಪಿದರೆ ಯಂತ್ರ ಕೆಡಬಹುದು, ಒಪ್ಪಿದೆ. ಆದರೆ ಅತ್ತೆ ಬರೆದದ್ದು ಎಂಜಿನಿನ ರಿಪೋರ್ಟ್ ಅಲ್ಲ. ಅವರು ಹೇಳಿದ್ದು ನಿಮಗೆ ಅರ್ಥವಾಗಲಿಲ್ಲವೇ? ಅರ್ಥವಾಗದಿದ್ದರೆ ತಪ್ಪು ಯಾವುದೆಂದು ಹೇಗೆ ಗೊತ್ತಾಯಿತು? ನಿಮ್ಮನ್ನು ಇಂಗ್ಲಿಷ್ ಮೀಡಿಯಂಗೇ ಸೇರಿಸಬೇಕೆಂದು ಮನೆಯವರೆಲ್ಲರ ಹತ್ತಿರ ಜಗಳ ಮಾಡಿದ್ದು ಇದೇ ಅತ್ತೆ. ಆ ಇಂಗ್ಲಿಷನ್ನು ಅವರ ಮೇಲೆಯೇ ತಿರುಗಿಸಿದಿರಿ.

ತಿದ್ದುವುದು ಹೇಗೆಂದು ನಿಮ್ಮ ಅಮ್ಮನಿಂದ ಕಲಿಯಿರಿ. ಮದುವೆಯಾದ ಹೊಸತರಲ್ಲಿ ನೆಂಟರಿಗೆಂದು ನಾನು ಮಾಡಿದ ಬಂಗುಡೆ ಸಾರಿಗೆ ಹುಳಿ ಮಿತಿಮೀರಿತ್ತು. ಅತ್ತೆ ಎಲ್ಲರ ಎದುರು ಇನ್ನೊಮ್ಮೆ ಹಾಕಿಸಿಕೊಂಡು ಉಂಡರು. ಮರುದಿನ ಮಸಾಲೆ ಅರೆಯುವಾಗ ಹತ್ತಿರ ಬಂದು, "ಹುಳಿ ಇಷ್ಟು ಸಾಕು ಮಗಾ, ಮೀನಿಗೂ ಅದರದ್ದೇ ಒಂದು ರುಚಿ ಉಂಟಲ್ಲ" ಎಂದರು. ಅಷ್ಟೇ. ಇಂದಿಗೂ ಆ ಮಾತು ಬೇರೆಯವರ ಕಿವಿಗೆ ಬಿದ್ದಿಲ್ಲ.

ಆ ದಿನದಿಂದ ಅತ್ತೆ ಗ್ರೂಪಿನಲ್ಲಿ ಬರೆಯುವುದಿಲ್ಲ. ಹುಟ್ಟುಹಬ್ಬಕ್ಕೆ ಹೂವಿನ ಚಿತ್ರ, ಬೇರೆಲ್ಲದಕ್ಕೆ ಕೈಮುಗಿಯುವ ಚಿತ್ರ. ಅವರು ಈಗ ಗಂಭೀರವಾಗಿದ್ದಾರೆಂದು ನೀವು ಮೊನ್ನೆ ಬರೆದಿರಿ. ಗಂಭೀರ ಅಲ್ಲ, ಹೆದರಿಕೆ. ಹೆತ್ತ ಮಗನಿಗೇ ಹೆದರುತ್ತಿದ್ದಾರೆ.

ಹೊತ್ತು ಹೊತ್ತಿಗೆ ಊಟ ಮಾಡಿ, ಮೈ ನೋಡಿಕೊಳ್ಳಿ. ಸಿಟ್ಟಿದ್ದರೂ ನಿಮ್ಮ ನೆನಪಿಗೇನೂ ಕಡಿಮೆಯಿಲ್ಲ. ದೇವರು ನಿಮ್ಮನ್ನು ಸುಖವಾಗಿ ದಡ ಸೇರಿಸಲಿ.

ನಿಮ್ಮ,
ಸಂಚಿತಾ

ಮರೆಯುವ ಮೊದಲು: ಮುಚ್ಚಿಡಬೇಕೆಂದು ಅತ್ತೆ ಆಣೆ ಹಾಕಿಸಿದ್ದರು, ನನ್ನಿಂದಾಗದು. ಹೋದ ವಾರ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿಬಿದ್ದು ಅವರ ಬಲಗೈ ಮುರಿದಿದೆ. ಪ್ಲಾಸ್ಟರ್ ಹಾಕಿದ್ದಾರೆ, ಗಾಬರಿಯಿಲ್ಲ. ಆಸ್ಪತ್ರೆಯಿಂದ ಬಂದವರೇ ಎಡಗೈಯಲ್ಲಿ ನಿಮಗೆ ಸುದ್ದಿ ಬರೆದು ಮೊಬೈಲನ್ನು ನನ್ನ ಮುಂದೆ ಹಿಡಿದರು. "ಇದರಲ್ಲಿ ತಪ್ಪು ಎಂತ ಉಂಟು, ಸ್ವಲ್ಪ ನೋಡು ಮಗಾ. ಇಲ್ಲದಿದ್ದರೆ ಅವನಿಗೆ ನಾಚಿಕೆ ಆಗ್ತದೆ" ಎಂದರು. ತಪ್ಪೇನೂ ಇಲ್ಲ ಎಂದೆ. ನಂಬದೆ ಅಳಿಸಿಬಿಟ್ಟರು, ಆಮೇಲೆಯೇ ಆ ಆಣೆ. ಇದನ್ನು ಓದಿದ ಕೂಡಲೇ ಫೋನ್ ಮಾಡಿ. ನಮ್ಮ ಮನೆಮಾತು ತುಳುವಿನಲ್ಲೇ ಮಾತಾಡಿ. ಮೊದಲು ಅವರು ಹೇಳಲಿ, ನೀವು ಸುಮ್ಮನೆ ಕೇಳಿ.