ನನ್ನ ಪಾಲಿನ ಕೊಸರು

ಜುಲೈ 9, ಮಂಗಳವಾರ. ಅರೆಕಿಪಾ, ಪೆರು.

ಮೂರು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ಮಾತ್ರೆ ನುಂಗಿದರೂ ಅಷ್ಟೇ. ಇವತ್ತು ಹನ್ನೊಂದಕ್ಕೆ ಹೋಗಿ ಮಾರುಕಟ್ಟೆಯ ನನ್ನ ಹಣ್ಣಿನ ರಸದ ಅಂಗಡಿ ತೆರೆದೆ. ಹಣ್ಣು ಹೆಚ್ಚುವಾಗಲೂ 'ಸೋಂಬೇರಿ, ಸೋಂಬೇರಿ' ಎಂದು ಬಾಯಿಬಿಟ್ಟೇ ನನ್ನನ್ನು ಬೈದುಕೊಳ್ಳುತ್ತಿದ್ದೆ.

ಒಬ್ಬ ಗಿರಾಕಿ ಪಪ್ಪಾಯಿ ರಸ ನೀರಾಗಿದೆ ಎಂದು ರೇಗಿದ. ಆದರೂ ಅವನ ಲೋಟ ಖಾಲಿಯಾದಾಗ ಜಾರಿನಲ್ಲಿ ಉಳಿದದ್ದನ್ನು ಕೊಸರಾಗಿ ಸುರಿದೆ. ಕೊಸರಿಲ್ಲದೆ ಇಲ್ಲಿ ಯಾರೂ ಎದ್ದು ಹೋಗುವುದಿಲ್ಲ.

ಪಕ್ಕದಲ್ಲಿ ಆಲೂಗಡ್ಡೆ ಮಾರುವ ದೋನ್ಯಾ ಸಾತುರ್ನಿನಾ ಎಲ್ಲ ಕೇಳಿಸಿಕೊಂಡಿದ್ದಳು. "ಬೈದೋನಿಗೂ ಕೊಸರು ಹಾಕ್ತೀಯ. ನಿನ್ನ ತೂಕದಲ್ಲಿ ಮಾತ್ರ ಯಾಕೇ ಮೋಸ ಮಾಡ್ಕೋತೀಯ, ಮಗಳೇ?"

ಈಗಲೂ ಸುಸ್ತು. ನಾಳೆಯೂ ಬೇಗ ಏಳಲಾಗದಿದ್ದರೆ ಅರ್ಧ ಗಂಟೆ ನಿದ್ದೆಯನ್ನು ನನಗೂ ಕೊಸರು ಹಾಕಿಕೊಳ್ಳಬೇಕು. ಬೈಯದೆ. ಗೊಣಗುತ್ತಾ ಕೊಟ್ಟದ್ದನ್ನು ಯಾರೂ ಕೊಸರು ಅನ್ನುವುದಿಲ್ಲವಲ್ಲ.