ಬಾಗಿಲಿಗಂಟಿಸಿದ ಕರಪತ್ರ

೫-೨-೧೯೩೪, ಸೋಮವಾರ

ಕಾಫಿ, ಪೇಪರ್. ಹತ್ತಕ್ಕೆ ಫಳ್ನೀರಿನಲ್ಲಿ ನಮ್ಮ ಸೇವಾ ಸಂಘದ ಕಮಿಟಿ. ವಾಮಂಜೂರಿನ ಪಕ್ಕದ ಊರಿಗೆ ಸಿಡುಬು ಬಂದಿದೆ. ಅಲ್ಲಿಗೂ ಮುಟ್ಟುವ ಮೊದಲೇ ವಾಮಂಜೂರಿನವರಿಗೆಲ್ಲ ಸಿಡುಬು ತಡೆಯುವ ದಾಕು ಚುಚ್ಚಿಸಬೇಕು. ಹದಿನೆಂಟಕ್ಕೆ, ಅಲ್ಲಿಯ ಶಾಲೆಯ ಜಗಲಿಯಲ್ಲಿ. ಪ್ರಚಾರ ಸೆಕ್ರೆಟರಿಯದು — ಅಂದರೆ ನನ್ನದು.

ಕಂಪೌಂಡರ್ ಲೋಕಯ್ಯನದು ಯಾವಾಗಲೂ ಒಂದೇ ರಾಗ. "ಕನ್ನಡ ಕಾಗದ ಅಲ್ಲಿ ಯಾರು ಓದ್ತಾರೆ ಮಾರಾಯ್ರೆ? ಮನೆಮನೆಗೆ ಹೋಗಿ ತುಳುವಿನಲ್ಲಿ ಹೇಳುವ."

ಓದದವರಿಗೆ ಚಿತ್ರ ಇದೆಯಲ್ಲ, ಎಂದೆ. ಮೇಲೆ ಕೈ ಎತ್ತಿ ಅಭಯ ಕೊಡುವ ಮಾರಿಯಮ್ಮ, ಕೆಳಗೆ ದಾಕಿನ ತಾರೀಕು, ಸ್ಥಳ. ಕಮಿಟಿ ಚಪ್ಪಾಳೆ ತಟ್ಟಿತು. ಲೋಕಯ್ಯ ಮುಖ ಊದಿಸಿಕೊಂಡ. ಊದಿಸಿಕೊಳ್ಳಲಿ.

೧೦-೨, ಶನಿವಾರ

ಬಲ್ಮಠದ ಪ್ರೆಸ್ಸಿನಿಂದ ಕರಪತ್ರ ಬಂತು. ಕೆಂಪು ಶಾಯಿ. ಚಂದವೆಂದರೆ ಚಂದ. ನಮ್ಮ ಅಡುಗೆಮನೆಯ ಕೆಲಸದವಳು ಬಾಗಿ ವಾಮಂಜೂರಿನವಳು. ಮನೆಮನೆಗೆ ಕೊಡು ಎಂದು ಅವಳ ಕೈಯಲ್ಲೇ ಕಟ್ಟು ಕಳುಹಿಸಿದೆ. ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು.

"ನಮ್ಮ ಮನೆಗೂ ಒಂದು ಇಟ್ಟುಕೊಳ್ತೇನೆ ಧಣಿ. ಮಕ್ಕಳಿದ್ದಾರೆ."

ಧಾರಾಳವಾಗಿ, ಎಂದೆ.

೧೮-೨, ಸಂಜೆ

ನಾಲ್ಕು ಜನ. ಇಡೀ ವಾಮಂಜೂರಿನಿಂದ ನಾಲ್ಕೇ ನಾಲ್ಕು! ಕರಪತ್ರ ಮುಟ್ಟಿಲ್ಲವೇನೋ ಎಂದು ಸುತ್ತಾಡಿ ನೋಡಿದೆ. ಒಂದೊಂದು ಬಾಗಿಲಿಗೂ ಅಂಟಿಸಿದ್ದಾರೆ. ಕುಂಕುಮ ಬೇರೆ. ಪ್ರಚಾರಕ್ಕೆ ಇದಕ್ಕಿಂತ ಇನ್ನೇನು ಬೇಕು? ಜನ ಸೋಮಾರಿಗಳು, ಅಷ್ಟೆ.

"ನಾಳೆ ಪುನಃ ಬರುವ. ಬಾಯಲ್ಲಿ ಹೇಳುವ," ಎಂದ ಲೋಕಯ್ಯ.

ಮುಂದಿನ ಕಮಿಟಿಯಲ್ಲಿ ನೋಡೋಣ ಎಂದೆ.

೧೧-೩, ಭಾನುವಾರ

ಹತ್ತು ದಿನದಿಂದ ಬಾಗಿ ಇರಲಿಲ್ಲ. ಇಂದು ಬಂದಳು. ಹಿತ್ತಿಲಲ್ಲೇ ನಿಂತಳು. ದೊಡ್ಡ ಮಗಳು ದೇಯಿ ಹೋದಳಂತೆ. ಸಿಡುಬು. ಒಂಬತ್ತು ವರ್ಷ.

ಕೇಳಿದೆ — ದಾಕಿಗೆ ಯಾಕೆ ಕರೆತರಲಿಲ್ಲ?

"ಎಂತ ದಾಕು ಧಣಿ? ಅಮ್ಮನ ರಕ್ಷೆ ನೀವೇ ಕೊಟ್ಟದ್ದಲ್ಲವಾ? ಬಾಗಿಲಿಗೆ ಅಂಟಿಸಿ ದಿನಾ ಹೂ ಇಟ್ಟೆವು. ಊರಿನವರೆಲ್ಲ ಹಾಗೇ ಮಾಡಿದ್ದು."

ಆ ಕುಂಕುಮ ನಾನು ಕಣ್ಣಾರೆ ಕಂಡಿದ್ದೆ. ಕಂಡು ಹಿಗ್ಗಿದ್ದೆ. ಥೂ! ಕಟ್ಟು ಕೊಡುವಾಗ ಇದು ಎಂತದ್ದೆಂದು ಅವಳಿಗೊಂದು ಮಾತು ಹೇಳಲಿಲ್ಲ. ನಮ್ಮ ಮನೆಯಲ್ಲೇ ದುಡಿಯುವವಳಿಗೆ.

ಲೋಕಯ್ಯನಿಗೆ ಹೇಳಿ ಕಳುಹಿಸಿದ್ದೇನೆ — ದಾಕಿನ ಪೆಟ್ಟಿಗೆ ಸಮೇತ ಬಾ, ಈಗಲೇ ವಾಮಂಜೂರಿಗೆ ಹೋಗೋಣ ಎಂದು. ಇನ್ನೂ ಬಂದಿಲ್ಲ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಬಾಗಿ ಹೋಗಿಲ್ಲ. ಈಗ ಕಿಟಕಿಯ ಹತ್ತಿರ ಬಂದಳು.

"ನಮ್ಮ ಬಾಗಿಲಿನದ್ದು ಹೊಗೆ ಹಿಡಿದು ಹರಿದಿತ್ತು ಧಣಿ. ಅದಕ್ಕೇ ಅಮ್ಮ ಮುನಿದದ್ದು. ಚಿಕ್ಕವಳು ವಾರಿಜಾಕ್ಷಿ ಒಬ್ಬಳು ಉಳಿದಿದ್ದಾಳೆ... ಇನ್ನೊಂದು ಕಾಗದ ಕೊಡ್ತೀರಾ?"

ಕಪಾಟಿನಲ್ಲಿ ಇನ್ನೂ ಎರಡು ಕಟ್ಟು ಇವೆ. ಸೆರಗು ಒಡ್ಡಿ ನಿಂತಿದ್ದಾಳೆ.