ತೆವಳಿ ತೋರಿಸಿದ ಮೇಲೆ ಬಿಡುಗಡೆಯಾದ ಗಾಲಿಕುರ್ಚಿಗಳು

ಮಾನ್ಯ ಕಸ್ಟಮ್ಸ್ ಅಧಿಕಾರಿಗಳೇ,

ನಿಮ್ಮ ಕಚೇರಿಗೆ ಸಾಕ್ಷಿ ಒದಗಿಸಲು ನಾನು ನಡೆಯಲಾರದ ಹೆಂಗಸೊಬ್ಬರನ್ನು ಅವರ ಅಂಗಳದಲ್ಲೇ ತೆವಳಿಸಿ ವಿಡಿಯೊ ತೆಗೆದೆ. ಅದೀಗ ಊರವರ ಮೊಬೈಲುಗಳಲ್ಲಿದೆ. ನಾಚಿಕೆಯನ್ನು ಒಬ್ಬನೇ ಹೊರಲಾಗದೆ ನಿಮ್ಮ ಪಾಲನ್ನು ನಿಮಗೆ ತಲುಪಿಸುತ್ತಿದ್ದೇನೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮರದಿಂದಲೋ ಏಣಿಯಿಂದಲೋ ಬಿದ್ದು ಮತ್ತೆ ಏಳಲಾಗದವರಿಗೆಂದು ವಿದೇಶದ ಸೇವಾಸಂಸ್ಥೆಯೊಂದು ಗಾಲಿಕುರ್ಚಿಗಳನ್ನು ಕಳಿಸಿತ್ತು. ತರಿಸಿಕೊಳ್ಳುವ ಹೊಣೆ ನಮ್ಮ ಗೆಳೆಯರ ಬಳಗದ್ದು. ಹಡಗಿನಲ್ಲಿ ಜಾಗ ಉಳಿಯಲೆಂದು ಗಾಲಿ, ಚೌಕಟ್ಟು, ಸೀಟುಗಳನ್ನು ಬೇರೆಬೇರೆ ಪೆಟ್ಟಿಗೆಗಳಲ್ಲಿ ತುಂಬಿದ್ದರು. ಅವು ಸೈಕಲ್ ಬಿಡಿಭಾಗಗಳು, ವ್ಯಾಪಾರದ ಸರಕು ಎಂದು ತಾವು ತಡೆದಿರಿ. ವೈದ್ಯರ ಪ್ರಮಾಣಪತ್ರ ತಂದೆವು. "ಸರ್ಟಿಫಿಕೇಟ್ ಯಾರು ಬೇಕಾದ್ರೂ ತರ್ತಾರೆ. ನಡೆಯೋಕಾಗಲ್ಲ ಅಂತ ನಮಗೆ ಕಾಣಬೇಕಲ್ಲ? ವಿಡಿಯೊ ಕಳ್ಸಿ" ಎಂದರು ನಿಮ್ಮ ಕಚೇರಿಯವರು.

ಗಡಿ ದಾಟಿ ಬಂದದ್ದನ್ನು ಪರೀಕ್ಷಿಸುವುದು ನಿಮ್ಮ ಕರ್ತವ್ಯ, ಒಪ್ಪಿದೆ. ಆದರೆ ಗಾಲಿಯನ್ನು ಚೌಕಟ್ಟಿಗೆ ಸಿಕ್ಕಿಸಿದರೆ ಅದು ಕುರ್ಚಿಯಾಗುತ್ತದೋ ಸೈಕಲ್ಲಾಗುತ್ತದೋ ಎಂದು ತಿಳಿಯಲು ಒಂದು ಸ್ಪ್ಯಾನರ್ ಸಾಕಿತ್ತು. ಅದಕ್ಕೆ ಯಲ್ಲಕ್ಕನ ಮೊಣಕೈಗಳು ಬೇಕಿದ್ದವೇ?

ಯಲ್ಲಕ್ಕ ಹರಿಹರಪುರದ ಹತ್ತಿರದವರು. ತೋಟದ ಕೆಲಸದವರು. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು. ಮಗಳು ಶಾಲಿನಿ ಕೆಲಸಕ್ಕೆ ಹೋಗಿದ್ದಾಗ ನಾನು ಹೋದೆ.

"ಎಂತ ಮಾಡ್ಬೇಕು ಹೇಳಿ ಅಯ್ಯಾ."

"ಬಾಗ್ಲಿಂದ ಅಂಗಳದ ತನಕ ಬರ್ಬೇಕಿತ್ತು ಯಲ್ಲಕ್ಕ."

"ತಡೀರಿ, ಸೀರೆ ಬದ್ಲಾಯಿಸ್ತೀನಿ. ದೊಡ್ಡೋರು ನೋಡೋದಲ್ವಾ?"

ಒಳ್ಳೆಯ ಸೀರೆಯುಟ್ಟು ಮೊಣಕೈ ಊರಿಕೊಂಡು ಹೊಸ್ತಿಲು ದಾಟಿದರು. ನಡುವೆ ಸೀರೆ ಮೇಲೆ ಸರಿಯಿತು. ತೆವಳುವುದನ್ನು ನಿಲ್ಲಿಸಿ, ಕೆಳಗೆಳೆದುಕೊಂಡು, ತಪ್ಪಾಯಿತೇನೋ ಎಂಬಂತೆ ನನ್ನ ಮುಖ ನೋಡಿ ನಕ್ಕರು. ಅಂಗಳಕ್ಕೆ ಬಂದು ಏದುಸಿರು ಬಿಡುತ್ತಾ ಕೇಳಿದರು: "ಸರಿಯಾಗಿ ಬಂತಾ ಅಯ್ಯಾ?"

ಬಿಸಿಲು ಎದುರಿಗಿದ್ದುದರಿಂದ ವಿಡಿಯೊದಲ್ಲಿ ಮುಖ ಕಪ್ಪಾಗಿ ಬಂದಿತ್ತು. ನಾನು, ಪದವಿ ಓದಿದವನು, "ಇನ್ನೊಂದ್ಸಲ" ಎಂದೆ.

ಅಭಿನಂದನೆಗಳು! ತಮಗೆ ನಂಬಿಕೆ ಬಂತು, ಪೆಟ್ಟಿಗೆಗಳು ಬಿಡುಗಡೆಯಾದವು. ಕುರ್ಚಿ ಜೋಡಿಸಿ ನಾನೇ ಯಲ್ಲಕ್ಕನ ಮನೆಗೆ ಮುಟ್ಟಿಸಿದೆ. ವಿಡಿಯೊವನ್ನು ನಾನು ಕಳಿಸಿದ್ದು ನಿಮ್ಮ ಕಚೇರಿಗೆ ಮಾತ್ರ. ಅದು ಕೈಯಿಂದ ಕೈಗೆ ದಾಟಿ, ನಗುವ ಚಿತ್ರಗಳನ್ನು ಅಂಟಿಸಿಕೊಂಡು ಶಾಲಿನಿಯ ಫೋನಿಗೆ ಬಂದಾಗ ಅವಳು ನೇರ ನಮ್ಮ ಮನೆಗೆ ಬಂದಳು.

"ಅವ್ವನ್ನ ಹಿಂಗೆ ತೆವಳ್ಸಿದ್ದು ನೀವೇನಾ?"

"ಕುರ್ಚಿ ಬರ್ಲಿ ಅಂತ, ಶಾಲಿನಿ..."

"ಬಂತಲ್ಲ. ಅದ್ರಲ್ಲಿ ಕೂತು ಅವ್ವ ಬಾಗ್ಲಾಚೆ ಬರ್ತಿಲ್ಲ. ಎಲ್ರೂ ನೋಡಿಬಿಟ್ಟಿದಾರೆ ಅಂತಾಳೆ."

ಗಡಿ ದಾಟಿ ಬಂದ ಒಂದೊಂದು ಬೋಲ್ಟಿಗೂ ಲೆಕ್ಕ ಕೇಳುವ ಕಚೇರಿಗೆ, ತನ್ನ ಬಾಗಿಲು ದಾಟಿ ಹೋದ ಈ ವಿಡಿಯೊ ಕಾಣಲಿಲ್ಲವೇ? ಯಾರು ಹಂಚಿದರೆಂದು ಪತ್ತೆಹಚ್ಚಿ, ನಿಮ್ಮಲ್ಲಿರುವುದನ್ನು ಅಳಿಸಿ. ಮುಂದೆ ಯಾರಿಂದಲೂ ಇಂಥ ಸಾಕ್ಷಿ ಕೇಳಬೇಡಿ. ಮತ್ತು ನಿಮ್ಮಲ್ಲೊಬ್ಬರು ಖುದ್ದಾಗಿ ಬಂದು ಯಲ್ಲಕ್ಕನ ಕ್ಷಮೆ ಕೇಳಲಿ. ನಾನು ಕೇಳಲು ಹೋಗಿದ್ದೆ. "ನೀವೆಂತ ಮಾಡ್ತೀರಿ ಅಯ್ಯಾ, ಕಾಫಿ ಕುಡೀರಿ" ಎಂದರು. ಕುಡಿಯಲಾಗಲಿಲ್ಲ.

ಇಂತಿ,
ಶಾಲಿನಿಯ ಎದುರು ನಿಲ್ಲಲಾರದ,
ಧರ್ಮೇಶ್, ಹಿರೇಕೊಡಿಗೆ